ಗೆದ್ದವರು ಕೂರದ ಕ್ಷೇತ್ರ

ಜರ್ಮನಿಯ ಒಂದು ಸಂಸತ್ ಕ್ಷೇತ್ರದ ಚರಿತ್ರೆ ನನಗೆ ನಮ್ಮ ಸೋದರಮಾವಂದಿರ ಚರಿತ್ರೆಗಿಂತ ಚೆನ್ನಾಗಿ ಗೊತ್ತು. ಬೆಂಗಳೂರಿನ ಕಾಲೇಜಿನಲ್ಲಿ ಡಿಬೇಟ್ ಮಾಡುತ್ತಿದ್ದಾಗ ಚುನಾವಣಾ ಪದ್ಧತಿಗಳ ವಿಷಯ ಬಂದಿತ್ತು. ಎದುರು ತಂಡದವರು ದೇಶದ ಮೇಲೆ ದೇಶದ ಉದಾಹರಣೆ ಕೊಟ್ಟರು. ನಾನು ಒಂದೇ ಕ್ಷೇತ್ರ ಹಿಡಿದೆ. ಯುದ್ಧ ಮುಗಿದ ಮೇಲೆ ಎಳೆದ ಗಡಿ, ಜನ ಹೆಚ್ಚಿದಾಗ ಕತ್ತರಿಸಿ ಪಕ್ಕದ ಕ್ಷೇತ್ರಕ್ಕೆ ಕೊಟ್ಟ ಹಳ್ಳಿಗಳು, ಮತ್ತೆ ಮತ್ತೆ ಬದಲಾದ ಕ್ರಮಸಂಖ್ಯೆ, ಕೂತಲ್ಲೇ ಮುದುಕನಾದ ಒಬ್ಬ ಸಂಸದ. ವಿವರ ಹೆಚ್ಚಾದಷ್ಟೂ ಜಡ್ಜುಗಳು ನಂಬುತ್ತಾರೆ. ಗೆದ್ದೆ.

ಕೆಲಸಕ್ಕೆಂದು ಅಮೆರಿಕದ ಮೌಂಟನ್ ವ್ಯೂಗೆ ಬಂದ ಮೇಲೂ ಆ ಕ್ಷೇತ್ರವನ್ನು ಬಿಡಲಿಲ್ಲ. ಬೇರೆಯವರು ಕ್ರಿಕೆಟ್ ತಂಡದ ಸುದ್ದಿ ನೋಡುವ ಹಾಗೆ ಅದರ ಸುದ್ದಿ ನೋಡುತ್ತಿದ್ದೆ. ಅಲ್ಲಿ ಒಬ್ಬೊಬ್ಬರಿಗೂ ಎರಡು ಮತ. ಒಂದು ಊರಿನ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಈಗಿನ ಹೊಸ ಕಾನೂನಿನಂತೆ, ಎರಡನೇ ಮತದಿಂದ ಪಕ್ಷಕ್ಕೆ ಸಿಗುವ ಸ್ಥಾನಗಳಿಗಿಂತ ಹೆಚ್ಚು ಕ್ಷೇತ್ರಗಳನ್ನು ಆ ಪಕ್ಷದವರು ಗೆದ್ದರೆ, ಕಡಿಮೆ ಪಾಲು ಮತ ಪಡೆದು ಗೆದ್ದವರು ಮನೆಯಲ್ಲಿರಬೇಕು. ಕಳೆದ ಚುನಾವಣೆಯಲ್ಲಿ ನನ್ನ ಕ್ಷೇತ್ರದಲ್ಲಿ ಹಾಗೇ ಆಯಿತು. ಮೊದಲು ಬಂದವರಿಗೆ ಕುರ್ಚಿ ಸಿಗಲಿಲ್ಲ. ನನಗೆ ಸಂತೋಷವಾಯಿತು. ಅಷ್ಟು ಚೊಕ್ಕವಾದ ಲೆಕ್ಕ.

ಅದೇ ವರ್ಷ ನಮ್ಮ ಕನ್ನಡ ಸಂಘ ಚುನಾವಣಾ ನಿಯಮ ಬರೆಯಲು ಹೊರಟಿತು. ಅಲ್ಲಿಯವರೆಗೆ ಸಮಿತಿಗೆ ನಮ್ಮ ಅಕ್ಕಪಕ್ಕದ ಮೂರು ಊರುಗಳಿಂದ, ಡಬ್ಲಿನ್‌ಗೆ ಒಬ್ಬರು, ಮಿಲ್ಪಿಟಾಸ್‌ಗೆ ಒಬ್ಬರು, ಮೌಂಟನ್ ವ್ಯೂಗೆ ಒಬ್ಬರು ಎಂದು ಯಾರದೋ ಮನೆಯಲ್ಲಿ ಊಟದ ಮೇಲೆ ತೀರ್ಮಾನವಾಗುತ್ತಿತ್ತು. ಮಿಲ್ಪಿಟಾಸ್‌ಗೆ ಯಾವಾಗಲೂ ಒಬ್ಬರೇ ಆಂಟಿ. ಮಂಡ್ಯ ಕಡೆಯವರು. ಬಾಣಂತಿಯರಿಗೆ ಸಾರು ಕೊಡುವವರು, ಏರ್‌ಪೋರ್ಟಿಗೆ ಹೋಗಿ ಕರೆತರುವವರು, ಶನಿವಾರ ಒಂದು ಬಾಡಿಗೆ ಸಭಾಂಗಣದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರು. ಆ ಸಭಾಂಗಣವನ್ನು ಉಳಿಸಿಕೊಟ್ಟಿದ್ದು ಸಮಿತಿಯಲ್ಲಿ ಅವರಿಗಿದ್ದ ಸ್ಥಾನ. ಡಬ್ಲಿನ್‌ನವರು ತರಗತಿಯನ್ನು ತಮ್ಮಲ್ಲಿಗೆ ಸೇರಿಸಿಕೊಳ್ಳಲು ಬಹಳ ದಿನದಿಂದ ಕಾಯುತ್ತಿದ್ದರು.

ನಾನೂ ಆ ತರಗತಿಗೆ ಪಾಠ ಮಾಡಲು ಹೋಗಿದ್ದೆ. ಆರು ವರ್ಷದ ಹುಡುಗಿಯೊಬ್ಬಳು "ವೈ ಡು ಐ ನೀಡ್ ದಿಸ್?" ಎಂದಳು. ನಾನು ಅವಳ ಜೊತೆ ಕಾಲು ಗಂಟೆ ವಾದ ಮಾಡಿ, ಗೆದ್ದು, ಅವಳು ಅಳುವಂತೆ ಮಾಡಿದೆ. ಆಂಟಿ ಎಲ್ಲ ಅಮ್ಮಂದಿರ ಎದುರಿಗೇ ಹೇಳಿದರು:

"ನಿಂಗೆ ವಾದ ಮಾಡಕ್ಕೆ ಬತ್ತದೆ ಕಣವ್ವ, ಮಕ್ಕಳ ಜೊತೆ ಇರಕ್ಕೆ ಬರಾಕಿಲ್ಲ. ಮುಂದಿನ ವಾರ ಬರಬ್ಯಾಡ ಬುಡು."

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಮರೆಯಲಿಲ್ಲ.

ನಿಯಮದ ಸಭೆಗೆ ನಾನು ಹನ್ನೆರಡು ಸ್ಲೈಡ್ ಮಾಡಿಕೊಂಡು ಹೋದೆ. ಊರಿನ ಅಭ್ಯರ್ಥಿಗೊಂದು ಮತ, ಪಕ್ಷದ ಬದಲು ಒಟ್ಟಾಗಿ ನಿಲ್ಲುವವರ ತಂಡಕ್ಕೊಂದು ಮತ. ಊರಲ್ಲಿ ಗೆದ್ದರೂ ತಂಡದ ಮತ ಸಾಲದಿದ್ದರೆ ಸ್ಥಾನವಿಲ್ಲ. ಜರ್ಮನ್ ಕಾನೂನಿನಲ್ಲಿ ಇನ್ನೊಂದು ಮಾತಿದೆ: ಯಾವ ಪಕ್ಷಕ್ಕೂ ಸೇರದೆ ನಿಂತು ಗೆದ್ದವರಿಗೆ ಈ ಕತ್ತರಿ ಇಲ್ಲ, ಅವರು ನೇರವಾಗಿ ಹೋಗಿ ಕೂರುತ್ತಾರೆ. ಆ ಸಾಲನ್ನು ನಾನು ಹಾಕಲಿಲ್ಲ. ಮರೆತು ಅಲ್ಲ. ಆಂಟಿ ಯಾವ ತಂಡದಲ್ಲೂ ಇರಲಿಲ್ಲ.

ಸ್ಲೈಡಿನಲ್ಲಿ ಒಂದು ಸೂತ್ರ ಇದ್ದರೆ ಸಾಕು, ನಮ್ಮ ಎಂಜಿನಿಯರುಗಳು ಸೂತ್ರದ ಬಗ್ಗೆ ಮಾತ್ರ ಕೇಳುತ್ತಾರೆ. ದಶಾಂಶ ಬಂದರೆ ಏನು ಮಾಡೋದು ಎಂದು ಇಬ್ಬರು ಅರ್ಧ ಗಂಟೆ ಜಗಳವಾಡಿದರು. ಕೊನೆಗೆ ಆಂಟಿ ಕೈ ಎತ್ತಿದರು.

"ನಾನು ಯಾವ ಟೀಮಲ್ಲೂ ಇಲ್ವಲ್ಲ. ನಂದೇನಾಯ್ತದೆ?"

"ಎಲ್ಲರಿಗೂ ಇರೋ ರೂಲೇ ನಿಮಗೂ ಆಂಟಿ," ಎಂದೆ.

"ಜರ್ಮನೀಲೂ ಹಿಂಗೇನಾ?" ಅಧ್ಯಕ್ಷರು ಕೇಳಿದರು.

"ಹಿಂಗೇ ಸರ್."

"ಜರ್ಮನ್ ಎಂಜಿನಿಯರಿಂಗು ಕಣ್ರೀ, ಕೈ ಎತ್ತಿ ಬೇಗ, ಬಿಸಿಬೇಳೆಬಾತ್ ಆರಿಹೋಗ್ತಿದೆ," ಎಂದರು ಯಾರೋ. ಎಲ್ಲರೂ ಕೈ ಎತ್ತಿದರು. ಆಂಟಿಯೂ ಎತ್ತಿದರು.

ಚುನಾವಣೆಯಲ್ಲಿ ಆಂಟಿ ಮಿಲ್ಪಿಟಾಸ್ ಗೆದ್ದರು. ಮೂರು ಊರುಗಳಲ್ಲಿ ಅಷ್ಟು ಅಂತರದಿಂದ ಬೇರೆ ಯಾರೂ ಗೆದ್ದಿರಲಿಲ್ಲ. ಅವರಿಗೆ ತಂಡವಿಲ್ಲ, ಆದ್ದರಿಂದ ತಂಡದ ಮತ ಸೊನ್ನೆ, ಆದ್ದರಿಂದ ಸ್ಥಾನವಿಲ್ಲ. ಹೊಸ ಸಮಿತಿಯ ಮೊದಲ ಮೀಟಿಂಗಿನಲ್ಲಿ ಮಿಲ್ಪಿಟಾಸ್ ಪರವಾಗಿ ಮಾತಾಡುವವರೇ ಇರಲಿಲ್ಲ. ಬಾಡಿಗೆ ಸಭಾಂಗಣ ಬಿಟ್ಟು ತರಗತಿಯನ್ನು ಡಬ್ಲಿನ್‌ಗೆ ಸೇರಿಸುವ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆ ಭಾನುವಾರ ಆಂಟಿ ನನ್ನ ಅಪಾರ್ಟ್‌ಮೆಂಟಿಗೆ ಬಂದರು. ಡಬ್ಬಿಯಲ್ಲಿ ಕಜ್ಜಾಯ ತಂದಿದ್ದರು. ಜಗಳಕ್ಕೆ ಬಂದಿದ್ದಾರೆಂದು ನಾನು ಉತ್ತರಗಳನ್ನು ಜೋಡಿಸಿಕೊಂಡೆ.

"ಅವತ್ತು ಎಲ್ರ ಮುಂದೆ ಬೈದ್ಬುಟ್ಟೆ, ಮನಸ್ಸಲ್ಲಿ ಇಟ್ಕೋಬ್ಯಾಡ," ಎಂದರು. "ನಿನ್ನಷ್ಟು ಚೆನ್ನಾಗಿ ಮಾತಾಡೋರು ಸಂಘದಲ್ಲೇ ಇಲ್ಲ. ನನ್ನ ಪರವಾಗಿ ಒಂದು ಅರ್ಜಿ ಬರ್ಕೊಡು. ಆ ಕಾನೂನಲ್ಲಿ ನನ್ನಂಥೋರಿಗೆ ಏನಾದ್ರೂ ದಾರಿ ಇದ್ದೇ ಇರ್ತದೆ, ಅಲ್ವಾ?"

ಲ್ಯಾಪ್‌ಟಾಪು ಮೇಜಿನ ಮೇಲೇ ಇತ್ತು. ಆ ಸಾಲು ತೆಗೆದು ತೋರಿಸಲು ಒಂದು ನಿಮಿಷ ಸಾಕಿತ್ತು. ಆದರೆ ತೋರಿಸಿದರೆ, ಅದು ಸಭೆಯಲ್ಲಿ ಯಾಕೆ ಇರಲಿಲ್ಲ ಎಂದು ಇಡೀ ಸಂಘ ಕೇಳುತ್ತಿತ್ತು.

"ಇಲ್ಲ ಆಂಟಿ," ಎಂದೆ. "ನಾನು ಪೂರ್ತಿ ಓದಿದೀನಿ."

ಅವರು ನಂಬಿದರು. ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದರು.

"ನೀನು ಅವತ್ತು ಸಭೇಲಿ ಸಿನಿಮಾದಂಗೆ ತೋರ್ಸಿದ್ಯಲ್ಲ ಆ ಜರ್ಮನಿ ಊರು. ಅಲ್ಲಿ ಗೆದ್ದೋರು ಹೋಗ್ನಿಲ್ವಲ್ಲ, ಆ ಜನ ಈಗ ಯಾರ ಹತ್ರ ಹೋಯ್ತಾರೆ?"

"ಪಕ್ಕದ ಕ್ಷೇತ್ರದವರ ಹತ್ತಿರ ಹೋಗ್ತಾರೆ ಆಂಟಿ."

"ಹಂಗಾರೆ ನಾವೂ ಡಬ್ಲಿನ್‌ಗೇ ಹೋಯ್ತೀವಿ ಬುಡು," ಎಂದು ಎದ್ದರು. "ಡಬ್ಬಿ ನಿಧಾನಕ್ಕೆ ಕೊಡು."

ಡಬ್ಲಿನ್‌ನ ಮೊದಲ ತರಗತಿಗೆ ನಾನು ಹೋಗಿದ್ದೆ, ಡಬ್ಬಿ ಹಿಂದಿರುಗಿಸುವ ನೆಪದಲ್ಲಿ. ಫ್ರೀವೇನಲ್ಲಿ ಶನಿವಾರದ ಟ್ರಾಫಿಕ್ಕು. ಮಿಲ್ಪಿಟಾಸ್‌ನಿಂದ ಬಂದದ್ದು ಒಂದೇ ಕಾರು, ಆಂಟಿಯದು. ಹಿಂದಿನ ಸೀಟಿನಲ್ಲಿ ಮಕ್ಕಳಿರಲಿಲ್ಲ. ಅಕ್ಷರದ ಕಾರ್ಡುಗಳ ಪೆಟ್ಟಿಗೆಗೆ ಸೀಟ್‌ಬೆಲ್ಟ್ ಹಾಕಿತ್ತು. ಆಂಟಿ ಇಳಿದು, ನನ್ನನ್ನು ನೋಡಿ, "ಮಿಕ್ಕೋರು ಬತ್ತಾ ಇರ್ಬೇಕು ಕಣವ್ವ," ಎಂದು ಬಾಗಿಲ ಬಳಿ ನಿಂತರು. ಒಳಗೆ ಡಬ್ಲಿನ್ ಮಕ್ಕಳ ತರಗತಿ ಮುಗಿಯುವವರೆಗೂ ನಿಂತೇ ಇದ್ದರು.