ಹಂಡೆಯ ನೀರು, ಬಸ್ಸಿನ ಮೆಟ್ಟಿಲು

ನನ್ನ ಬಲಗಾಲಿಗೆ ಬೈದಷ್ಟು ನಾನು ಜನ್ಮದಲ್ಲಿ ಯಾರಿಗೂ ಬೈದಿಲ್ಲ. ಇಪ್ಪತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸಿದವಳು ನಾನು, ಬೈಯುವ ಅಭ್ಯಾಸ ಸಾಕಷ್ಟಿದೆ. ಆದರೆ ಮಕ್ಕಳು ಬೈದರೆ ತಲೆಯನ್ನಾದರೂ ತಗ್ಗಿಸುತ್ತಾರೆ. ಈ ಕಾಲು ಬೈದಷ್ಟೂ ಸೆಟೆದು ನಿಲ್ಲುತ್ತಿತ್ತು.

ಮಂಗಳೂರಿನ ದೊಡ್ಡ ಡಾಕ್ಟರು ಕಾಯಿಲೆಯ ಹೆಸರು ಹೇಳಿದ್ದರು: ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳು, ಬೆನ್ನುಹುರಿಗಳಲ್ಲಿ ನರದ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುವ ಕಾಯಿಲೆ. ಕಾಲು ಬಿಗಿಯುವುದಕ್ಕೆ ಒಂದು ಮಾತ್ರೆ ಬರೆದು, "ಸ್ವಲ್ಪ ಎಕ್ಸರ್‌ಸೈಜ್ ಮಾಡಿ" ಎಂದರು. ಯಾವುದು, ಎಷ್ಟು, ಹೇಗೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು. ಅಷ್ಟು ದೂರ ಹೋಗಿ, ಅಷ್ಟು ಹೊತ್ತು ಕಾದು, ಮೂರು ಶಬ್ದ ಹಿಡಿದುಕೊಂಡು ನಾನೂ ನನ್ನನ್ನು ಹೆತ್ತ ಉಮ್ಮನೂ ನಮ್ಮೂರು ಕೆದಂಬಾಡಿಗೆ ವಾಪಸ್ ಬಂದೆವು. ಆ ಮೂರು ಶಬ್ದಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಡಾಕ್ಟರು ಹೇಳದೆ ಬಿಟ್ಟದ್ದನ್ನೆಲ್ಲ ಉಮ್ಮ ತಾವೇ ತುಂಬಿಸಿಕೊಂಡರು. ನಮ್ಮ ಕಡೆ ಬಾಣಂತಿಗೆ ಬಿಸಿನೀರು, ಉಳುಕಿಗೆ ಬಿಸಿನೀರು, ಬೇಜಾರಿಗೂ ಬಿಸಿನೀರು. ಮೈ ಕೆಂಪಾಗದ ಸ್ನಾನ ಸ್ನಾನವೇ ಅಲ್ಲ. ಉಮ್ಮ ಬೆಳಿಗ್ಗೆ ಎದ್ದವರೇ ಬಚ್ಚಲಿನ ಹಂಡೆಯಡಿಗೆ ಅಡಿಕೆ ಸಿಪ್ಪೆ ತುರುಕಿ ಬೆಂಕಿ ಹಾಕುತ್ತಿದ್ದರು. ನನ್ನನ್ನು ಮಣೆಯ ಮೇಲೆ ಕೂರಿಸಿ ಚೊಂಬು ಚೊಂಬಾಗಿ ಹೊಯ್ಯುತ್ತಿದ್ದರು. ಕಾಲಿನಲ್ಲಿ ವಾಯು ಕೂತಿದೆ, ಇಳಿಯಬೇಕು ಎಂದು ಎಣ್ಣೆ ಹಚ್ಚಿ, ಮಡಚಿದ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದರು. ಜಗ್ಗಿದ ತಕ್ಷಣ ಕಾಲು ಇನ್ನಷ್ಟು ಬಿಗಿದು ಗಡಗಡ ನಡುಗುತ್ತಿತ್ತು. ಬಚ್ಚಲಿನಿಂದ ಹೊರಗೆ ಬರುವಾಗ ನಾನು ಬೆಂದ ಗೆಣಸು. ಗೋಡೆ ಹಿಡಿದರೂ ನಿಲ್ಲಲಾಗದು, ಕಣ್ಣು ಮಂಜು. ಕಾಯಿಲೆ ಜೋರಾಯಿತು ಎಂದುಕೊಂಡು ಉಮ್ಮ ಮರುದಿನ ಒಂದು ಬುಟ್ಟಿ ಸಿಪ್ಪೆ ಹೆಚ್ಚು ಹಾಕುತ್ತಿದ್ದರು. ಎರಡು ವರ್ಷ ಹೀಗೆಯೇ ನಡೆಯಿತು.

ಪುತ್ತೂರಿನ ನನ್ನ ಶಾಲೆಗೆ ಹೋಗುವ ಬಸ್ಸು ಮನೆಯೆದುರಿನ ರಸ್ತೆಯಲ್ಲೇ ಬರುತ್ತದೆ. ಅದರ ಮೊದಲ ಮೆಟ್ಟಿಲು ಸುಮಾರು ಮೊಣಕಾಲೆತ್ತರ. ಅದನ್ನು ಮಾಡಿದವನ ಮನೆಯಲ್ಲಿ ಮುದುಕರೂ ಹೆಂಗಸರೂ ಇರಲಿಲ್ಲವೋ ಏನೋ! ತಮ್ಮನ ಬೈಕಿನಲ್ಲಿ ಕೂರೋಣವೆಂದರೆ ತೊಡೆಗಳು ಒಂದಕ್ಕೊಂದು ಅಂಟಿಕೊಂಡು ಅಗಲವಾಗುವುದಿಲ್ಲ. ರಿಕ್ಷಾ ದಿನಾ ಸಿಗುವ ಜಾಗವಲ್ಲ. ಒಂದು ದಿನ ಎಡಗಾಲು ಮೆಟ್ಟಿಲ ಮೇಲಿಟ್ಟಿದ್ದೆ, ಬಲಗಾಲು ಮೇಲೆ ಬರಲೇ ಇಲ್ಲ. ನನ್ನದೇ ಶಾಲೆಯ ಮಕ್ಕಳೆದುರು ರಸ್ತೆಗೆ ಬಿದ್ದೆ.

ಆ ವಾರವೇ ತಮ್ಮ ನನ್ನನ್ನು ಒಂದು ಮಾತೂ ಕೇಳದೆ ಹೆಡ್‌ಮಾಸ್ಟರರ ಹತ್ತಿರ ಮಾತಾಡಿಕೊಂಡು ಬಂದ. ಕೆಲಸ ಬಿಡುವ ಅರ್ಜಿಯನ್ನು ಟೈಪ್ ಮಾಡಿಸಿ ತಂದಿದ್ದ. ನನ್ನ ಸಹಿ ಒಂದು ಬಾಕಿ. ಅವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು!

"ನಿನಗೆ ಎಂತಕ್ಕೆ ಈ ಕಷ್ಟ? ಮನೆಯಲ್ಲಿ ಕೂತ್ಕೋ. ನಾವು ನೋಡಿಕೊಳ್ಳುದಿಲ್ವಾ?" ಎಂದ.

ಪ್ರೀತಿಯಿಂದಲೇ ಹೇಳಿದ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಬೇಸಿಗೆ ರಜೆ ಮುಗಿಯುವವರೆಗೆ ಸಮಯ ಕೊಡು ಎಂದೆ. ಶಾಲೆ ಶುರುವಾಗುವ ದಿನ ನಾನಾಗಿಯೇ ಬಸ್ಸು ಹತ್ತಿದರೆ ಅರ್ಜಿಯ ಮಾತೆತ್ತಬಾರದು. ಹತ್ತಲಾಗದಿದ್ದರೆ ಅಲ್ಲೇ ಸಹಿ ಹಾಕುತ್ತೇನೆ. ತಮ್ಮ ಒಪ್ಪಿದ. ಉಮ್ಮನೂ ಅವನ ಪಕ್ಷವೇ.

ಜೊತೆಯ ಟೀಚರೊಬ್ಬರು ಪುತ್ತೂರು ಪೇಟೆಯ ಫಿಸಿಯೋಥೆರಪಿಸ್ಟ್ ಒಬ್ಬಳ ವಿಳಾಸ ಕೊಟ್ಟರು. ಕ್ಲಿನಿಕ್ ಎಲ್ಲಿ? ಮೇಲಿನ ಮಾಳಿಗೆಯಲ್ಲಿ! ಲಿಫ್ಟ್ ಇಲ್ಲ. ನಡೆಯಲಾಗದವರನ್ನು ನಡೆಸುವ ಜಾಗಕ್ಕೆ ಹದಿನೆಂಟು ಮೆಟ್ಟಿಲು. ಕೂತುಕೊಂಡೇ, ಹಿಮ್ಮುಖವಾಗಿ, ಒಂದೊಂದಾಗಿ ಹತ್ತಿದೆ. ಉಮ್ಮ ನನ್ನ ಬುರ್ಖಾದ ಅಂಚು ಎತ್ತಿ ಹಿಡಿದುಕೊಂಡು ಜೊತೆಗೇ ಹತ್ತಿದರು. ಕಟ್ಟಡ ಕಟ್ಟಿದವನಿಗೆ ಆಗ ನಾನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಹುಡುಗಿಗೆ ನನ್ನ ಹಳೆಯ ವಿದ್ಯಾರ್ಥಿನಿಯರ ಪ್ರಾಯ. ಕಾಲನ್ನು ಮುಟ್ಟಿ, ಮಡಚಿ ನೋಡಿ ಕೇಳಿದಳು: "ಟೀಚರ್, ನೀವು ಎಷ್ಟು ಬಿಸಿನೀರಲ್ಲಿ ಮೀಯುದು?"

ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಉಮ್ಮ ಹೆಮ್ಮೆಯಿಂದ ಹಂಡೆಯ ವಿಷಯ ಹೇಳಿದರು. ಹುಡುಗಿ ಹಣೆಗೆ ಕೈ ಹಚ್ಚಿಕೊಂಡಳು. ಹೊದಿಕೆ ಹೋದ ನರಕ್ಕೆ ಮೈ ಬಿಸಿಯಾದಾಗ ಸುದ್ದಿ ದಾಟಿಸುವುದು ಇನ್ನೂ ಕಷ್ಟ, ಉಗುರುಬೆಚ್ಚಗಿನ ನೀರು ಸಾಕು ಎಂದಳು. ಬಿಗಿದ ಸ್ನಾಯುವನ್ನು ಜಗ್ಗಿದರೆ ಅದೂ ತಿರುಗಿ ಜಗ್ಗುತ್ತದೆ. ನಿಧಾನವಾಗಿ ಎಳೆದು, ಎಳೆತ ಗೊತ್ತಾಗುವಲ್ಲಿ ನಿಲ್ಲಿಸಿ, ಮೂವತ್ತು ಎಣಿಸುವವರೆಗೆ ಹಿಡಿಯಬೇಕು. ನೋವಾಗಬಾರದು, ದಿನಾ ತಪ್ಪಬಾರದು. ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಿದರೆ ಮೂತ್ರದ ಸೋಂಕೋ, ಮಲಬದ್ಧತೆಯೋ, ಕಾಲಿನಲ್ಲಿ ಗಾಯವೋ ಇದೆಯೇ ಎಂದು ನೋಡಬೇಕು. ಡಾಕ್ಟರಿಗೆ ಹೇಳದೆ ಮಾತ್ರೆ ನಿಲ್ಲಿಸಲೇಬಾರದು. ಆಮೇಲೆ ಉಮ್ಮನ ಕೈಯನ್ನು ನನ್ನ ಪಾದದಡಿ ಇಟ್ಟು, ಮೊದಲು ರಪ್ಪನೆ ಒತ್ತಿಸಿದಳು. ಪಾದ ಕುಣಿಯಿತು. ಮತ್ತೆ ಮೆಲ್ಲನೆ ಒತ್ತಿಸಿದಳು. ಸ್ವಲ್ಪ ಹೊತ್ತಿಗೆ ಪಾದ ತಾನಾಗಿಯೇ ಸಡಿಲವಾಯಿತು. ಉಮ್ಮನ ಮುಖ ಸಣ್ಣದಾಯಿತು.

ಇಷ್ಟನ್ನು ಹೇಳಲು ಅವಳಿಗೆ ಹಿಡಿದದ್ದು ಕಾಲು ಗಂಟೆ. ಕಾಲು ಗಂಟೆಯ ಮಾತಿಗೆ ಎರಡು ವರ್ಷ! ನನಗೆ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಮೆಟ್ಟಿಲ ಬುಡಕ್ಕೆ ಇಳಿಯುವಷ್ಟರಲ್ಲಿ ಹೊಟ್ಟೆಯೊಳಗಿನ ಸಿಟ್ಟೆಲ್ಲ ಬಾಯಿಗೆ ಬಂದಿತ್ತು. "ಎರಡು ವರ್ಷ ನೀವು ನನ್ನನ್ನು ಬೇಯಿಸಿದಿರಿ" ಎಂದು ಉಮ್ಮನಿಗೆ ಹೇಳಿಯೇಬಿಟ್ಟೆ. ಬೈಯಬೇಕಾಗಿದ್ದದ್ದು ಮೂರು ಶಬ್ದದಲ್ಲಿ ಕೈತೊಳೆದುಕೊಂಡವರಿಗೆ. ಅವರು ಮಂಗಳೂರಿನಲ್ಲಿದ್ದರು, ಉಮ್ಮ ಪಕ್ಕದಲ್ಲಿದ್ದರು.

ಮರುದಿನ ಉಮ್ಮ ನನ್ನ ಬಕೆಟ್ಟಿಗೆ ಬಾವಿಯ ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ ಕೊಟ್ಟರು. ನಮಾಜು ಮುಗಿಸಿ ಬಂದು ಚಾಪೆ ಹಾಸಿದರು. ಮೈ ಒರೆಸುವ ಬೈರಾಸನ್ನು ಪಾದಕ್ಕೆ ಸುತ್ತಿ ನಾನು ಎಳೆಯುವುದು, ಮಂಡಿ ಬಾಗದಂತೆ ಅವರು ಹಿಡಿಯುವುದು. ಗಡಿಯಾರ ನೋಡಿ ಅಭ್ಯಾಸವಿಲ್ಲದ ಅವರು ಜಪ ಎಣಿಸುವ ತಸ್ಬೀಹ್ ಮಾಲೆಯ ಮೂವತ್ತಮೂರು ಮಣಿ ಉರುಳಿಸಿದರು. ಮೂರು ಹೆಚ್ಚಾದರೆ ನಷ್ಟವೇನು ಎಂದು ನನ್ನನ್ನೇ ಕೇಳಿದರು. ನಾವು ಜಗಳವಾಡಿದ ದಿನ ಮಣಿಗಳು ಓಡುತ್ತಿದ್ದವು. ಇದು ಲೆಕ್ಕವಾ, ಮೊದಲಿಂದ ಎಣಿಸಿ ಎಂದು ನಾನು ಗಣಿತದ ಟೀಚರಾಗುತ್ತಿದ್ದೆ. ಗೊಣಗುತ್ತಾ ಮತ್ತೆ ಮೊದಲ ಮಣಿ ಹಿಡಿಯುತ್ತಿದ್ದರು. ಕಾಯಿಲೆ ಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ರಜೆ ಮುಗಿಯುವ ಹೊತ್ತಿಗೆ ಬಲಗಾಲು ಬಸ್ಸಿನ ಮೆಟ್ಟಿಲಷ್ಟೇ ಎತ್ತರದ ನಮ್ಮ ಜಗಲಿಯವರೆಗೆ ಏಳುತ್ತಿತ್ತು.

ಶಾಲೆ ಶುರುವಾಗುವ ದಿನ ತಮ್ಮ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡೇ ರಸ್ತೆಗೆ ಬಂದ. ಅರ್ಜಿ ನನ್ನ ಬ್ಯಾಗಿನಲ್ಲಿತ್ತು. ಬಸ್ಸು ನಿಂತಿತು. ಕಂಬಿ ಹಿಡಿದು ಎಡಗಾಲು ಮೆಟ್ಟಿಲ ಮೇಲಿಟ್ಟೆ. ಬಲಗಾಲು ನೆಲ ಬಿಡುವಷ್ಟರಲ್ಲಿ ಕಂಡಕ್ಟರು, ಪಾಪ, ಉಪಕಾರಕ್ಕೆಂದು ನನ್ನ ತೋಳು ಹಿಡಿದು ರಪ್ಪನೆ ಎಳೆದ. ಕಾಲು ಸೆಟೆಯಿತು.

"ಬಿಡಿ ಮಾರಾಯ್ರೆ, ಎಳಿಬೇಡಿ" ಎಂದೆ. ಅವನು ಬಿಟ್ಟ. ಬಲಗಾಲು ಮತ್ತೆ ರಸ್ತೆಯ ಮೇಲೆ, ನಡುಗುತ್ತಾ. ಡ್ರೈವರು ಹಾರ್ನ್ ಹೊಡೆದ. ಒಳಗಿನಿಂದ ಯಾರೋ ಹೊತ್ತಾಯಿತು ಎಂದರು. ಸಾಕು, ಇಳಿ ಎಂದು ತಮ್ಮ ಹಿಂದಿನಿಂದ ನನ್ನ ಬ್ಯಾಗಿಗೆ ಕೈ ಹಾಕಿದ. ನನಗೆ ಅಳು ಬರುವಷ್ಟು ಸಿಟ್ಟು.

ಆಗ ಉಮ್ಮ ನಡೆದುಕೊಂಡು ಹೋಗಿ ಬಸ್ಸಿನ ಮುಂದೆ, ನಡುರಸ್ತೆಯಲ್ಲಿ ನಿಂತರು. ಪರಗಂಡಸರ ಹತ್ತಿರ ಎರಡು ಮಾತಾಡಿದವರಲ್ಲ ಅವರು. ಸೆರಗಿನಡಿಯಿಂದ ತಸ್ಬೀಹ್ ತೆಗೆದು ಡ್ರೈವರಿಗೆ ಹೇಳಿದರು: "ಮೂವತ್ತಮೂರು ಆಗ್ಲಿ. ಆಮೇಲೆ ಹೋಗಿ."

ಡ್ರೈವರು ಹಾರ್ನಿನಿಂದ ಕೈ ತೆಗೆದ. ನಾನು ಹಿಮ್ಮಡಿಯನ್ನು ಮೆಲ್ಲನೆ ನೆಲಕ್ಕೆ ಒತ್ತಿ, ಉಸಿರು ಬಿಡುತ್ತಾ ನಿಂತೆ. ಆ ದಿನ ಮಣಿಗಳು ಓಡಲಿಲ್ಲ. ಮೀನಖಂಡ ಸಡಿಲವಾದದ್ದು ಗೊತ್ತಾದ ಕೂಡಲೇ ಕಂಬಿಗೆ ಭಾರ ಕೊಟ್ಟೆ. ಬಲಗಾಲು ಮೇಲೆ ಬಂತು.

ಸೀಟಿನಲ್ಲಿ ಕೂತ ಮೇಲೆ ಉಮ್ಮ ಕಿಟಕಿಯ ಹತ್ತಿರ ಬಂದು, ಆ ಕಾಗದ ಕೊಡು ಎಂದು ಕೈ ಚಾಚಿದರು. ಕೊಟ್ಟೆ. ಉಮ್ಮನಿಗೆ ಓದಲು ಬರುವುದಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ತಮ್ಮನ ಕಡೆ ತಿರುಗಿದರು.

"ನಿನಗೆ ಮೀಲಿಕ್ಕೆ ನೀರು ಕಾಯಿಸ್ಬೇಕಲ್ಲ. ಒಲೆ ಹಿಡಿಸ್ಲಿಕ್ಕೆ ಇದು ಸಾಕು."