ಅಕ್ಕನ ಮುಖದ ಅಚ್ಚು

ಕೆಲಸದ ಕೊನೆಯ ಏಳೆಂಟು ವರ್ಷ ನಮ್ಮ ಆಸ್ಪತ್ರೆಯ ರೋಗಿಗಳು ಅಚ್ಚು ಮಾಡುವ ಅಚ್ಚಣ್ಣನನ್ನು ಕಂಡರೆ ಹೆದರುತ್ತಿದ್ದರು. ಸೋಮವಾರ ಬೆಳಿಗ್ಗೆ ಅವನು ದೊಡ್ಡ ಕತ್ತರಿ ಹಿಡಿದು ಯಂತ್ರದ ಕೋಣೆಗೆ ಬರುವನು. ಗೋಡೆಗೆ ಸಾಲಾಗಿ ತೂಗುಹಾಕಿದ ಮುಖದಚ್ಚುಗಳನ್ನು ಒಂದೊಂದಾಗಿ ಇಳಿಸಿ, ಆಯಾ ರೋಗಿಯ ಮುಖಕ್ಕೆ ಇಟ್ಟು ನೋಡುವನು. ಗದ್ದದ ಹತ್ತಿರ ಒಂದು ಬೆರಳು ನುಗ್ಗುವಷ್ಟು ಜಾಗ ಸಿಕ್ಕಿತೋ, ಯಾರನ್ನೂ ಒಂದು ಮಾತು ಕೇಳದೆ ಅಲ್ಲೇ ಅದನ್ನು ಕತ್ತರಿಸಿ ಎರಡು ಹೋಳು ಮಾಡುವನು. ಮತ್ತೆ ಹೊಸ ಅಚ್ಚು, ಮತ್ತೆ ಬಿಸಿ ಹಾಳೆ ಮುಖದ ಮೇಲೆ. ರೋಗಿಗಳು ಅಳುತ್ತಿದ್ದರು, ಮನೆಯವರು ದೂರು ಬರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸುಗಳು "ಆ ಮುದುಕನಿಗೆ ಕರುಳೇ ಇಲ್ಲ" ಅನ್ನುತ್ತಿದ್ದರು. ಕರುಳು ಇದ್ದದ್ದಕ್ಕೇ ಆದ ಅನಾಹುತ ಅದು ಅಂತ ಅವರಿಗೆ ಹೇಳಬೇಕಾದವಳು ನಾನೊಬ್ಬಳೇ ಇದ್ದೆ. ಹೇಳಲಿಲ್ಲ. ಈಗ ಅವನೂ ಇಲ್ಲ, ನನಗೂ ನಿವೃತ್ತಿಯಾಗಿದೆ, ಯಾರಿಗೆ ಹೆದರಲಿ?

ನಾನು ಆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ವಿಕಿರಣದ ಯಂತ್ರ ನಡೆಸಿದವಳು. ರೋಗಿಗಳು ವಿಕಿರಣ ಗಿಕಿರಣ ಅನ್ನುವುದಿಲ್ಲ, "ಕರೆಂಟು ಕೊಡಿಸೋದು" ಅನ್ನುತ್ತಾರೆ. ಗಂಟಲಿಗೋ ಬಾಯಿಗೋ ಕರೆಂಟು ಕೊಡುವಾಗ ತಲೆ ಎಳ್ಳಷ್ಟೂ ಅಲುಗಬಾರದು. ಅದಕ್ಕೇ ಪ್ರತಿಯೊಬ್ಬರ ಮುಖಕ್ಕೂ ಹೊಂದುವಂಥ ಅಚ್ಚು ಮಾಡಿ, ಅದನ್ನು ಮುಖದ ಮೇಲಿಟ್ಟು ಮೇಜಿಗೆ ಬಿಗಿಯುತ್ತೇವೆ. ಎಲ್ಲಿಗೆ ಕಿರಣ ಬೀಳಬೇಕು ಅನ್ನುವ ಗುರುತು ಇರುವುದು ಚರ್ಮದ ಮೇಲಲ್ಲ, ಆ ಅಚ್ಚಿನ ಮೇಲೆ. ಅಚ್ಚು ಸರಿಯಾಗಿದ್ದರೆ ಕಿರಣ ಗಡ್ಡೆಗೆ ಬೀಳುತ್ತದೆ. ಮುಖ ಬಡವಾಗಿ ಅಚ್ಚು ಸಡಿಲವಾದರೆ ಗುರುತು ಅಲ್ಲೇ ಇರುತ್ತದೆ, ಒಳಗಿನ ಗಂಟಲು ಮಾತ್ರ ಆಚೀಚೆ ಸರಿದಿರುತ್ತದೆ.

ಅಚ್ಚಣ್ಣ ಈ ಕೆಲಸಕ್ಕೆ ಬಂದದ್ದೇ ಒಂದು ತಮಾಷೆ. ಆಗ ಆಸ್ಪತ್ರೆ ಅಂದರೆ ಒಂದು ಹಳೇ ಗೋದಾಮು, ಅದರ ಬೆನ್ನಿಗೆ ಮೂರಡಿ ದಪ್ಪದ ಗೋಡೆಯ ಒಂದು ಕೋಣೆ, ಕೋಣೆಯೊಳಗೆ ಕರೆಂಟು ಕೊಡುವ ಒಂದೇ ಒಂದು ಕೋಬಾಲ್ಟ್ ಯಂತ್ರ. ರೋಗಿಗಳು ತಗಡಿನ ಚಪ್ಪರದ ಕೆಳಗೆ ಬೆಂಚಿನ ಮೇಲೆ ಕಾಯುತ್ತಿದ್ದರು, ಬೆಂಚು ಸಾಲದವರು ನೆಲದ ಮೇಲೆ. ಅಲ್ಲಿ ಹೊಸ ವಾರ್ಡು ಕಟ್ಟುವಾಗ ಇವನು ಛಾವಣಿಗೆ ಪ್ಲಾಸ್ಟರಿನ ಅಂಚು ಕೂರಿಸಲು ಬಂದ ಕೆಲಸಗಾರ. ಆಸ್ಪತ್ರೆ ಶುರುಮಾಡಿದ ದೊಡ್ಡ ಡಾಕ್ಟರು ಕೆಳಗೆ ನಿಂತು ಅರ್ಧ ಗಂಟೆ ಅವನ ಕೈಯನ್ನೇ ನೋಡಿ, "ಏಣಿ ಇಳಿದು ಬಾರಯ್ಯ, ಮನುಷ್ಯರ ಮುಖಕ್ಕೆ ಹಚ್ತೀಯಾ?" ಅಂದರಂತೆ. ಇವನು ತಮಾಷೆ ಅಂದುಕೊಂಡು ಹೂಂ ಅಂದ. ಮೂವತ್ತನಾಲ್ಕು ವರ್ಷ ಹಚ್ಚಿದ.

ಮೊದಮೊದಲು ಪ್ಲಾಸ್ಟರ್ ಬಟ್ಟೆಯನ್ನು ನೆನೆಸಿ ಮುಖಕ್ಕೆ ಸುತ್ತಿ, ಅದು ಗಟ್ಟಿಯಾದ ಮೇಲೆ ಬಿಡಿಸಿ, ಅದರೊಳಗೆ ಇನ್ನೊಂದು ಎರಕ ಹೊಯ್ದು, ಒಂದು ಅಚ್ಚಿಗೆ ಮೂರು ದಿನ ಹಿಡಿಯುತ್ತಿತ್ತು. ಆಮೇಲೆ ಬಿಳೀ ಪ್ಲಾಸ್ಟಿಕ್ ಹಾಳೆ ಬಂತು. ಬಿಸಿನೀರಿನ ತೊಟ್ಟಿಗೆ ಹಾಕಿದರೆ ಮೂರು ನಿಮಿಷಕ್ಕೆ ಮೆತ್ತಗಾಗುತ್ತದೆ, ಮುಖದ ಮೇಲೆ ಎಳೆದು ಒತ್ತಿದರೆ ಹತ್ತು ನಿಮಿಷಕ್ಕೆ ಗಟ್ಟಿ. ಮೊದಲು ಇಸ್ತ್ರಿ ಕೋಣೆಯಾಗಿದ್ದ ಮೋಲ್ಡ್ ರೂಮಿನಲ್ಲಿ ಅವನು ದಿನಕ್ಕೆ ಆರೇಳು ಮುಖ ಮಾಡುತ್ತಿದ್ದ. ಆಗೆಲ್ಲ ಅವನ ಬಾಯಿ ಸುಮ್ಮನಿರುತ್ತಲೇ ಇರಲಿಲ್ಲ. "ಏನ್ ಮೂಗು ಸ್ವಾಮಿ ನಿಮ್ದು, ಒಂದು ಹಾಳೆ ಸಾಲಲ್ಲ!" ಅನ್ನುವನು. ಸಾಯುವ ಭಯದಲ್ಲಿ ಬಂದವನೂ ಆ ಹಾಳೆಯ ಕೆಳಗೆ ನಗುತ್ತಿದ್ದ. "ನಗಬೇಡಿ ನಗಬೇಡಿ, ನಕ್ಕಿದ್ದೂ ಅಚ್ಚಾಗುತ್ತೆ!" ಅಂತ ಇವನೇ ಗದರುವನು.

ಅವನ ಐವತ್ತನೇ ವಯಸ್ಸಿನಲ್ಲಿ ಅಕ್ಕ ಬಂದಳು.

ಅಕ್ಕ ಅಂದರೆ ಅವನ ಪಾಲಿಗೆ ತಾಯಿ. ಇವನಿಗೆ ಆರು ವರ್ಷವಾಗಿದ್ದಾಗ ಅಮ್ಮ ಹೋದಳು, ಅಪ್ಪ ಇದ್ದೂ ಇಲ್ಲದ ಹಾಗೆ. ಹದಿನೇಳರ ಅಕ್ಕ ಒಂದು ಹೊಲಿಗೆ ಮಿಷನ್ನಿನ ಮುಂದೆ ಕೂತು ಇವನನ್ನು ಸಾಕಿದಳು. ಮದುವೆ ಮಾಡಿಕೊಳ್ಳಲಿಲ್ಲ. ಶಾಲೆಯ ಸಮವಸ್ತ್ರ ಹೊಲಿಯುವುದು ಅವಳ ಕೆಲಸ, ಅದರಲ್ಲೂ ಅಂಗಿಯ ಕಾಲರು ಕೂರಿಸುವುದು. ಅಚ್ಚಣ್ಣ ಸಂಸಾರಸ್ಥನಾದ ಮೇಲೂ ಇಬ್ಬರೂ ಒಂದೇ ಬೀದಿಯಲ್ಲಿದ್ದರು. ದಿನಕ್ಕೊಂದು ಜಗಳ, ಮರುಗಳಿಗೆ ರಾಜಿ.

ಆರು ತಿಂಗಳಿಂದ ನುಂಗಲು ಆಗುತ್ತಿಲ್ಲ ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಬಂದಾಗ ಗಂಟಲಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ. ಮೂವತ್ತೈದು ದಿನ ಕರೆಂಟು, ಒಂದು ದಿನವೂ ತಪ್ಪದೆ ಮುಗಿಸಿದರೆ ಉಳಿಯುವ ಆಸೆ ಉಂಟು ಅಂದರು ಡಾಕ್ಟರು.

ಅಚ್ಚು ಮಾಡುವ ದಿನ ನಾನೂ ಅಲ್ಲಿದ್ದೆ. ಬಿಸಿ ಹಾಳೆ ಮುಖದ ಮೇಲೆ ಬಿದ್ದದ್ದೇ ತಡ, ಅಕ್ಕ ಕಿರುಚಿ ಅದನ್ನು ಕಿತ್ತೆಸೆದಳು. ಎರಡನೇ ಹಾಳೆಗೂ ಹಾಗೇ ಮಾಡಿದಳು. ಮೂರನೆಯದಕ್ಕೆ ನಾನು ಕಾಲು ಹಿಡಿದೆ, ನರ್ಸು ಕೈ ಹಿಡಿದಳು, ಅಚ್ಚಣ್ಣ ಅವಳ ಕಿವಿಯ ಹತ್ತಿರ ಬಾಯಿಟ್ಟು ನೂರರವರೆಗೆ ಎಣಿಸಿದ. ಹಾಳೆ ತೆಗೆದಾಗ ಅವಳ ಮುಖವೆಲ್ಲ ಕಣ್ಣೀರು. ತಮ್ಮನ ಕಾಲರು ಹಿಡಿದು ಹೇಳಿದಳು:

"ಇನ್ನೊಂದ್ ಸಲ ಇದನ್ನ ನನ್ ಮುಖಕ್ಕೆ ಹಾಕಿದ್ರೆ, ನೋಡು, ನಾನು ಕರೆಂಟು ಬಿಟ್ಟು ಮನೇಲಿ ಕೂತು ಸಾಯ್ತೀನಿ. ನನ್ನಾಣೆ."

"ಇಲ್ಲ ಕಣಕ್ಕ, ಒಂದೇ ಸಲ," ಅಂದ.

ಆ ಮಾತು ಅವನು ಕೊಡಬಾರದಿತ್ತು. ಎಷ್ಟು ಜನರ ಅಚ್ಚು ನಾಲ್ಕನೇ ವಾರಕ್ಕೆ ಸಡಿಲವಾಗುತ್ತದೆ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕರೆಂಟು ಬಿದ್ದ ಬಾಯೆಲ್ಲ ಹುಣ್ಣು. ಅಕ್ಕ ಗಂಜಿ ಬಿಟ್ಟಳು, ಹಾಲು ಬಿಟ್ಟಳು, ಮೂಗಿನಿಂದ ನಳಿಗೆ ಹಾಕುತ್ತೇವೆ ಅಂದರೆ ಬೇಡವೇ ಬೇಡ ಅಂದಳು. ಇಪ್ಪತ್ತೈದನೇ ದಿನದ ಹೊತ್ತಿಗೆ ಒಂಬತ್ತು ಕೆಜಿ ಇಳಿದಿದ್ದಳು.

ಇಪ್ಪತ್ತಾರನೇ ದಿನ ನಾನು ಅಚ್ಚು ಇಳಿಸುವಷ್ಟರಲ್ಲಿ ಅಚ್ಚಣ್ಣನೇ ಬಂದ. "ನಾನೇ ಹಾಕ್ತೀನಿ ಬಿಡು" ಅಂದ. ಜೇಬಿನಿಂದ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಮಡಿಕೆ ತೆಗೆದು ಗದ್ದದ ಕೆಳಗೆ ಒಂದು ಪದರ, ಎರಡೂ ಕೆನ್ನೆಗೆ ಒಂದೊಂದು ಪದರ ಇಟ್ಟು ಅದರ ಮೇಲೆ ಅಚ್ಚು ಕೂರಿಸಿದ. ಹೊರಗಿನಿಂದ ನೋಡಿದರೆ ಬಿಗಿಯಾಗಿಯೇ ಇತ್ತು. ಬಟ್ಟೆ ಮುಖವನ್ನು ಹಿಡಿದೀತು, ಗಂಟಲು ಮೊದಲಿದ್ದ ಜಾಗದಲ್ಲೇ ನಿಲ್ಲುತ್ತದೆ ಅಂತ ಏನು ಭರವಸೆ?

ಹೊರಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ. "ಅಣ್ಣಾ, ಇದೇನು ಮಾಡ್ತಿದೀಯ? ಹೊಸದು ಮಾಡ್ಬೇಕು ತಾನೇ?"

"ಹೊಸದು ಅಂದ್ರೆ ಹೊಸ ಎಕ್ಸ್‌ರೇ ಫಿಲ್ಮು, ಹೊಸ ಲೆಕ್ಕ, ಎಂಟು ದಿನ ಕರೆಂಟಿಲ್ಲ. ಅದಿರ್ಲಿ, ಅವಳು ಬರೋದೇ ಇಲ್ಲ. ಅವಳ ಹಟ ನಿಂಗೊತ್ತಿಲ್ಲ." ಅವನು ನನ್ನ ಕೈ ಹಿಡಿದುಕೊಂಡ. "ಹತ್ತೇ ದಿನ. ಕಣ್ಮುಚ್ಕೋ ತಂಗಿ."

ನಾನು ಕಣ್ಣು ಮುಚ್ಚಿಕೊಂಡೆ. ಯಾರಿಗೂ ಬಗ್ಗದವಳು, ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವಳು ಅಂತ ಇಡೀ ಆಸ್ಪತ್ರೆಯಲ್ಲಿ ಹೆಸರಾದ ನಾನು, ಅವನು ತಂಗಿ ಅಂದಿದ್ದಕ್ಕೆ ಕರಗಿಹೋದೆ.

ವಾರಕ್ಕೊಮ್ಮೆ, ಸೋಮವಾರ, ಯಂತ್ರದ ಕೆಳಗೇ ಒಂದು ಫಿಲ್ಮು ತೆಗೆದು ಮೂಳೆಗಳು ಮೊದಲಿದ್ದ ಜಾಗದಲ್ಲೇ ಇವೆಯೋ ಇಲ್ಲವೋ ಅಳೆಯುವುದು ನನ್ನ ಕೆಲಸ. ಐದು ಮಿಲಿಮೀಟರಿನವರೆಗೆ ಸರಿದಿದ್ದರೆ ಮುಂದುವರಿಸಬಹುದು. ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು, ಅವರು ಹೊಸ ಅಚ್ಚಿಗೆ ಬರೆದುಕೊಡುತ್ತಾರೆ, ಅಕ್ಕನ ಹಟವನ್ನು ಅವರೇ ನೋಡಿಕೊಳ್ಳುತ್ತಾರೆ. ಬಟ್ಟೆ ಇಟ್ಟ ಮೇಲಿನ ಸೋಮವಾರ ಬೆಳಕಿನ ಪೆಟ್ಟಿಗೆಯ ಮುಂದೆ ಸ್ಕೇಲು ಇಟ್ಟು ಅಳೆದೆ. ಆರು. ಇನ್ನೊಮ್ಮೆ ಅಳೆದೆ, ಆರೇ. ಚಿಕಿತ್ಸೆಯ ದಾಖಲೆಯಲ್ಲಿ ಐದು ಅಂತ ಬರೆದು ಸಹಿ ಹಾಕಿದೆ.

ಮೂವತ್ತೈದು ದಿನ ಮುಗಿಯಿತು. ಗಡ್ಡೆ ಕರಗಿತು. ಅಕ್ಕ ಮತ್ತೆ ಗಂಜಿ ಕುಡಿದಳು, ಅನ್ನ ಉಂಡಳು, ಮಿಷನ್ನಿನ ಮುಂದೆ ಕೂತಳು. ತಪಾಸಣೆಗೆ ಬಂದಾಗಲೆಲ್ಲ ನನ್ನ ಅಂಗಿಯ ಕಾಲರು ಎಳೆದು ನೋಡಿ "ಯಾವ ಕೈಲಾಗದವನು ಹೊಲಿದ್ನಮ್ಮ ಇದನ್ನ?" ಅಂತ ಬೈಯುತ್ತಿದ್ದಳು. ಅಚ್ಚಣ್ಣ ಹಿಂದೆ ನಿಂತು ಹಲ್ಲು ಕಿರಿಯುವನು. ಒಂದು ವರ್ಷ ಎರಡು ತಿಂಗಳು ಹೀಗೇ ಕಳೆಯಿತು. ನಾನೂ ನೆಮ್ಮದಿಯಾಗಿ ನಿದ್ದೆ ಮಾಡಿದೆ, ಅದನ್ನೇನು ಮುಚ್ಚಿಡಲಿ.

ಆಮೇಲೆ ದವಡೆಯ ಕೆಳಗೆ ಎಡಗಡೆ ಒಂದು ಗಂಟು ಕಾಣಿಸಿತು. ಕರೆಂಟು ಬಿದ್ದ ಜಾಗದ ಅಂಚಿನಲ್ಲಿ, ಸರಿಯಾಗಿ ಅಂಚಿನಲ್ಲಿ.

"ಎಲ್ಲ ಸರಿಯಾಗಿ ಕೊಡಿಸಿಕೊಂಡವರಿಗೂ ಹೀಗೆ ವಾಪಸ್ ಬರುತ್ತೆ, ಯಾಕೆ ಅಂತ ಹೇಳೋಕಾಗಲ್ಲ," ಅಂದರು ಡಾಕ್ಟರು. ಒಮ್ಮೆ ಪೂರ್ತಿ ಕರೆಂಟು ಕೊಟ್ಟ ಜಾಗಕ್ಕೆ ಮತ್ತೆ ಕೊಡುವ ಹಾಗಿರಲಿಲ್ಲ. ಗಂಟು ರಕ್ತನಾಳಕ್ಕೆ ಸುತ್ತಿಕೊಂಡಿತ್ತು, ಆಪರೇಷನ್ನೂ ಆಗದು. ನೋವಿಗೆ ಔಷಧಿ ಬರೆದುಕೊಟ್ಟರು. ಇದನ್ನೆಲ್ಲ ಹೇಳಿದ್ದು ಅಚ್ಚಣ್ಣನಿಗೆ ಮಾತ್ರ, ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಅವನು ನೇರ ನನ್ನ ಹತ್ತಿರ ಬಂದ.

"ಆ ಸೋಮವಾರದ ಫಿಲ್ಮಲ್ಲಿ ಎಷ್ಟಿತ್ತು?"

"ಐದು," ಅಂದೆ.

"ಐದೇ ತಾನೇ? ಹಂಗಾದ್ರೆ ಬಟ್ಟೆಯಿಂದ ಆಗಿದ್ದಲ್ಲ ಇದು. ಅಲ್ವಾ?"

"ಅಲ್ಲಣ್ಣ."

ಅವನನ್ನು ಉಳಿಸಲು ಸುಳ್ಳು ಹೇಳಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ನಿಜ. ಉಳಿದರ್ಧ ನನ್ನ ಸಹಿ.

ನಾವು ಮಾತಾಡುತ್ತಿರುವಾಗಲೇ ಮೋಲ್ಡ್ ರೂಮಿನಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಹೋಗಿ ನೋಡಿದರೆ ಅಕ್ಕ. ಯಾರೂ ಕರೆಯದೆ ತಾನೇ ಎದ್ದು ಬಂದಿದ್ದಳು. ಚಪ್ಪಲಿ ಬಿಟ್ಟು, ಕನ್ನಡಕ ತೆಗೆದು ಕಿಟಕಿಯ ಮೇಲಿಟ್ಟು, ಮೇಜಿನ ಮೇಲೆ ಅಂಗಾತ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಎರಡೂ ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು.

"ಬಂದ್ಯಾ?" ಅಂದಳು ಕಣ್ಣು ಬಿಡದೆ. "ಮತ್ತೆ ಬಂದಿದೆ ಅಂತ ನಂಗೂ ಗೊತ್ತು ಬಿಡೋ. ನಾಲ್ಕು ದಿನದಿಂದ ಮನೇಲಿ ಒದ್ದೆ ಟವಲ್ ಮುಖದ ಮೇಲೆ ಹಾಕ್ಕೊಂಡು ನೂರು ಎಣಿಸಿ ಎಣಿಸಿ ಅಭ್ಯಾಸ ಮಾಡ್ಕೊಂಡಿದೀನಿ. ಈ ಸಲ ಅಲುಗಾಡಲ್ಲ. ಹಾಕು ನಿನ್ನ ಹಾಳೆ."

ಅಚ್ಚಣ್ಣ ಬಿಸಿನೀರಿನ ತೊಟ್ಟಿಯ ಪಕ್ಕ ನಿಂತುಬಿಟ್ಟ.

"ಮತ್ತೆ ಸಡಿಲ ಆದ್ರೆ ಹೋದ್ಸಲದ ಹಂಗೆ ಬಟ್ಟೆ ತುರುಕ್ಬೇಡ," ಅಂದಳು ಅಕ್ಕ. "ಅಳತೆ ತಪ್ಪಿದ್ದಕ್ಕೆ ಒಳಗೆ ಬಟ್ಟೆ ಕೊಟ್ರೆ ಮೇಲೆ ಚೆನ್ನಾಗ್ ಕಾಣುತ್ತೆ, ಒಳಗೆ ಕೂತಿರಲ್ಲ. ನಂಗೆ ಗೊತ್ತಾಗಲ್ವೇನೋ? ಅವತ್ತು ಹೆದರ್ಕೊಂಡಿದ್ದೆ, ಅದಕ್ಕೇ ಸುಮ್ನಿದ್ದೆ. ಈ ಸಲ ಎಷ್ಟು ಸಲ ಬೇಕಾದ್ರೂ ಮಾಡು."

"ಬೇಕಿಲ್ಲಕ್ಕ," ಅಂದ ಅವನು. "ಈ ಸಲ ಅಚ್ಚು ಬೇಕಿಲ್ಲ."

ಅಕ್ಕ ಕಣ್ಣು ಬಿಟ್ಟು ಛಾವಣಿ ನೋಡಿದಳು, ಆಮೇಲೆ ತಮ್ಮನನ್ನು. ಬಿಡಿಸಿ ಹೇಳಬೇಕಾಗಲಿಲ್ಲ. ನಿಧಾನವಾಗಿ ಎದ್ದು ಕೂತು ಕನ್ನಡಕ ಹಾಕಿಕೊಂಡಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಆಗ ನೋಡಿದಳು.

"ನನ್ ವಿಷಯ ಬಂದ್ರೆ ಅವನಿಗಂತೂ ಕಣ್ಣೇ ಕಾಣ್ಸಲ್ಲ. ನೀನಾದ್ರೂ ಅವತ್ತು ಒಂದ್ ಮಾತು ಹೇಳ್ಬಾರ್ದಿತ್ತೇನಮ್ಮ?"

ಸಿಟ್ಟಿನಿಂದ ಕೇಳಿದ್ದಲ್ಲ. ಹಾಲು ಉಕ್ಕುವಾಗ ಒಲೆ ಆರಿಸಬಾರದಿತ್ತೇ ಅಂತ ಕೇಳುವಂತೆ ಕೇಳಿದಳು. ಬೈದಿದ್ದರೆ ಬಹುಶಃ ನಾನು ಮತ್ತೊಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ.

"ಆರಿತ್ತು," ಅಂದೆ. "ಐದು ದಾಟಿದ್ರೆ ನಿಲ್ಲಿಸ್ಬೇಕಿತ್ತು. ಆರಿತ್ತು. ನಾನು ಐದು ಅಂತ ಬರ್ದೆ."

ಅಚ್ಚಣ್ಣ ನನ್ನ ಕಡೆ ತಿರುಗಿದ. ಅಕ್ಕ ಮಾತ್ರ ಅರ್ಥವಾಗದೆ ಕೇಳಿದಳು, "ಐದಕ್ಕೂ ಆರಕ್ಕೂ ಎಷ್ಟಮ್ಮ ವ್ಯತ್ಯಾಸ?"

ನಾನು ಹೆಬ್ಬೆರಳು ತೋರುಬೆರಳು ಹತ್ತಿರ ತಂದು, ನಡುವೆ ಒಂದು ಗುಂಡುಸೂಜಿ ಹೋಗುವಷ್ಟು ಜಾಗ ಬಿಟ್ಟು ತೋರಿಸಿದೆ. ಅವಳು ಮುಂದಕ್ಕೆ ಬಾಗಿ ಅದನ್ನೇ ನೋಡಿದಳು.

"ಇಷ್ಟೇನಾ," ಅಂದಳು.

ಅಚ್ಚಣ್ಣ ಗೋಡೆಗೆ ಮುಖ ಮಾಡಿ ಅಳತೊಡಗಿದ. ನಾನು ಎತ್ತಿದ ಕೈ ಇಳಿಸಲಾರದೆ ಹಾಗೇ ನಿಂತಿದ್ದೆ.