ಜೋಳದ ಹಿಟ್ಟು, ಊರ ಬೆವರು

ಹಿಡಿ ಹಸಿಯಾಗಿತ್ತು. ಹಸಿ ಅಷ್ಟೇ ಅಲ್ಲ, ಬೆಚ್ಚಗೂ ಇತ್ತು. ಯಾರೋ ಈಗಷ್ಟೇ ಯಂತ್ರ ಎಳೆದು ಎದ್ದು ಹೋಗಿದ್ದರು, ಅವರ ಬೆವರು ನನ್ನ ಅಂಗೈಗೆ ಮೆತ್ತಿಕೊಂಡಿತು. ಛೀ! ಉಪ್ಪಲ್‌ನಲ್ಲಿ ಕೋಳಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಜಿಮ್ ಅದು. ಕೆಳಗಿನಿಂದ ಕೋಳಿಯ ನಾತ, ಒಳಗೆ ಸಾಕ್ಸಿನ ನಾತ, ಎರಡನ್ನೂ ಮುಚ್ಚಲೆಂದು ಹೊಡೆದ ಮಲ್ಲಿಗೆ ಸ್ಪ್ರೇ. ಆ ಸ್ಪ್ರೇಯೇ ಎಲ್ಲಕ್ಕಿಂತ ಕೆಟ್ಟದ್ದು. "ಇದನ್ನ ಒರೆಸೋರು ಯಾರೂ ಇಲ್ಲೇನು?" ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿದೆ. ವ್ಯಾಯಾಮ ಕಲಿಸುವ ಹುಡುಗಿ ಸ್ವಪ್ನ ನಕ್ಕು, "ಏಂ ಗಾದಕ್ಕಾ" ಎಂದಳು. ಏನೂ ಆಗೋದಿಲ್ಲ ಅಕ್ಕಾ ಅಂತ. ಈ ಊರಿಗೆ ಬಂದು ನಾನು ಮೊದಲು ಕಲಿತ ಮಾತು ಇದು. ನಲ್ಲಿಯಲ್ಲಿ ನೀರು ಬರದಿದ್ದರೂ ಇದೇ, ಆಟೋದವನು ಕಾಲಿನ ಮೇಲೆ ಗಾಲಿ ಹತ್ತಿಸಿದರೂ ಇದೇ.

ನಾನು ಬಾಗಲಕೋಟೆಯವಳು. ನಮ್ಮ ಮನೆಯವರು ಸಿಕಂದರಾಬಾದಿನಲ್ಲಿ ಇಳಕಲ್ ಸೀರೆಯ ಅಂಗಡಿ ಹಾಕಿದ ಮೇಲೆ ಇಲ್ಲಿಗೆ ಬಂದೆ. ಮೊದಲ ವರ್ಷ ನನ್ನನ್ನು ಹೆಸರು ಹಿಡಿದು ಕರೆಯುವವರು ಈ ಊರಿನಲ್ಲಿ ಒಬ್ಬರೂ ಇರಲಿಲ್ಲ. ಬಾಲ್ಕನಿಯಲ್ಲಿ ನಿಂತು ಮೆಟ್ರೊ ಹೋಗುವುದನ್ನು ನೋಡುತ್ತ ಅತ್ತದ್ದೂ ಉಂಟು. ಆಮೇಲೆ ಜೋಳದ ರೊಟ್ಟಿ ಬಡಿದು ಕೊಡಲು ಶುರು ಮಾಡಿದೆ. ನಮ್ಮ ಕಡೆಯ ಮನೆಗಳು ಇಲ್ಲಿ ಬೇಕಾದಷ್ಟಿವೆ. ದೂರದ ಹಿಮಾಯತ್‌ನಗರದಿಂದಲೂ ಬಂದು ಒಯ್ಯತೊಡಗಿದರು. ಓಣಿಯ ತೆಲುಗು ಹೆಂಗಸರು ನನಗೆ ಜೊನ್ನರೊಟ್ಟೆಲ ಅಕ್ಕ, ಅಂದರೆ ಜೋಳದ ರೊಟ್ಟಿಯ ಅಕ್ಕ, ಎಂದು ಹೆಸರಿಟ್ಟರು. ಇಲ್ಲಿ ನಾನು ಯಾರು ಎಂದು ಕೇಳಿದರೆ ಉತ್ತರ ಅದೊಂದೇ.

ಆ ರೊಟ್ಟಿಯೇ ನನ್ನ ನಡ ಮುರಿಯಿತು. ತವರಿನಲ್ಲಿ ಒಲೆಯ ಮುಂದೆ ನೆಲದ ಮೇಲೆ ಕೂತು ಬಡಿಯುತ್ತಿದ್ದೆ. ಇಲ್ಲಿಯ ಫ್ಲ್ಯಾಟಿನಲ್ಲಿ ಅಡಿಗೆ ಕಟ್ಟೆ. ದಿನವಿಡೀ ನಿಂತು, ಬಾಗಿ, ಮುಂದಕ್ಕೆ ತಳ್ಳಿ ತಳ್ಳಿ ಬಡಿಯಬೇಕು. ಒಂದು ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಹಾಕಿ ಬಾಗಿದವಳು ಮೇಲೆ ಏಳಲಿಲ್ಲ. ಫಿಜಿಯೋಥೆರಪಿಯ ಡಾಕ್ಟರ್ ನೋಡಿ ಹೇಳಿದರು: "ಇಷ್ಟು ವರ್ಷ ಬರೀ ಮುಂದಕ್ಕೆ ತಳ್ಳಿದ್ದೀರಮ್ಮಾ. ಇನ್ನು ಹಿಂದಕ್ಕೆ ಎಳೆಯಬೇಕು. ಬೆನ್ನು ಗಟ್ಟಿಯಾಗದಿದ್ದರೆ ರೊಟ್ಟಿ ಬಿಡಬೇಕಾಗುತ್ತದೆ."

ಹೀಗೆ ನಾನು ರೋಯಿಂಗ್ ಅನ್ನುವ ಹುಟ್ಟು ಹಾಕುವ ಯಂತ್ರಕ್ಕೆ ಬಂದೆ. ದೋಣಿಯಿಲ್ಲ, ನೀರಿಲ್ಲ, ಕೋಣೆಯೊಳಗೆ ಕೂತು ಹುಟ್ಟು ಹಾಕುವುದು! ಜಿಮ್‌ನಲ್ಲಿ ಎರಡು ತರಹದವು ಇದ್ದವು. ಹಳೆಯದರಲ್ಲಿ ಕಾಲಿಡುವ ಹಲಗೆ ಗಟ್ಟಿಯಾಗಿ ನಿಂತಿರುತ್ತದೆ, ಕೂತವರ ಮೈಯೇ ಹಿಂದೆ ಮುಂದೆ ಓಡಬೇಕು. ಇಡೀ ಮೈಭಾರ ಓಡಿ ಹೋಗಿ ತಿರುಗುವಾಗ ನನ್ನ ನಡಕ್ಕೆ ಜಗ್ಗಿದಂತಾಗಿ ಚೀರಿದೆ. ಹೊಸದರಲ್ಲಿ ಹಲಗೆಯೇ ಹಳಿಯ ಮೇಲೆ ಸರಿದಾಡುತ್ತದೆ, ಮೈ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಿಡಿ ಎಳೆಯುವಾಗ ಮೊದಲು ಕಾಲು, ಆಮೇಲೆ ನಡ, ಕೊನೆಗೆ ಕೈ. ಮೊಣಕಾಲಿಗೂ ಹಗುರ, ಬೆನ್ನಿಗೂ ಹಗುರ, ದೋಣಿಯಲ್ಲಿ ಕೂತಂತೆಯೇ ಎಂದು ಸ್ವಪ್ನ ಹೇಳಿದಳು. ಕೆಲವು ವಾರಗಳಲ್ಲಿ ಬೆನ್ನು ನನ್ನ ಮಾತು ಕೇಳತೊಡಗಿತು. ಹಿಟ್ಟು ನಾದುವ ಪರಾತಿನ ಮುಂದೆ ನಿಂತರೆ ನೋವು ಬರಲಿಲ್ಲ, ಉಸಿರೂ ಗಟ್ಟಿಯಾಯಿತು. ಸುಳ್ಳು ಯಾಕೆ ಹೇಳಲಿ, ಯಂತ್ರ ಒಳ್ಳೆಯದು. ಅದರ ಮೇಲಿನ ಹೊಲಸೇ ನನಗೆ ಆಗಿಬರಲಿಲ್ಲ.

ನಮ್ಮ ತವರಿನಲ್ಲಿ ಒಬ್ಬರ ಲೋಟವನ್ನು ಇನ್ನೊಬ್ಬರು ಕಚ್ಚಿ ಕುಡಿಯುವುದಿಲ್ಲ. ಒಬ್ಬರು ಮೈ ಒರೆಸಿದ ಪಂಜೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಇಲ್ಲಿ ಊರ ಮಂದಿಯೆಲ್ಲ ಹಿಡಿದ ಹಿಡಿಯನ್ನು ನಾನು ಹಿಡಿಯಬೇಕು. ಟವೆಲ್ ಸುತ್ತಿದರೆ ಜಾರುತ್ತದೆ. ಆಗ ನನಗೊಂದು ಯುಕ್ತಿ ಹೊಳೆಯಿತು. ನಾದಿದ ಹಿಟ್ಟು ಕೈಗೆ ಅಂಟಿದರೆ ನಾವೇನು ಮಾಡುತ್ತೇವೆ? ಒಣ ಹಿಟ್ಟು ಉದುರಿಸುತ್ತೇವೆ. ಸಣ್ಣ ಡಬ್ಬಿಯಲ್ಲಿ ಜೋಳದ ಹಿಟ್ಟು ಒಯ್ದು ಹಿಡಿಗೂ ಅಂಗೈಗೂ ಉದುರಿಸಿಕೊಂಡೆ. ಹಸಿಯೂ ಇಲ್ಲ, ಜಾರಿಕೆಯೂ ಇಲ್ಲ! ದಿನವೂ ಅದನ್ನೇ ಮಾಡಿದೆ.

ಕೆಲವು ದಿನಗಳಲ್ಲಿ ಆ ಮೂಲೆಯಿಂದ ಹುಳಿ ನಾತ ಬರತೊಡಗಿತು. ನಾನು ಮೂಗು ಮುಚ್ಚಿಕೊಂಡು, ಎಂಥ ಹೊಲಸು ಮಂದಿ ಅಂತ ಮನೆಯಲ್ಲಿ ಬಯ್ದೆ. ನಮ್ಮ ಮನೆಯವರು, "ನಿನಗ ಎಲ್ಲಿ ಹೋದ್ರೂ ನಾತಾನ ಐತಿ ನೋಡು" ಎಂದರು. ಒಂದು ಸಂಜೆ ಕಾಲಿನ ಹಲಗೆ ಹಳಿಯ ಮೇಲೆ ಸಿಕ್ಕಿಕೊಂಡಿತು. ಸ್ವಪ್ನ ಬಗ್ಗಿ, ಅದರ ಸಣ್ಣ ಗಾಲಿಗಳ ಸಂದಿಗೆ ಬೆರಳು ಹಾಕಿ, ಏನನ್ನೋ ಕೆರೆದು ತೆಗೆದಳು.

"ಗಿದೇಂದಕ್ಕಾ?"

ಇದೇನು ಅಂತ ಕೇಳಿದಳು. ಬೂದು ಬಣ್ಣದ ಅಂಟು, ಕೂದಲು ಹತ್ತಿತ್ತು, ಇರುವೆ ಮುತ್ತಿದ್ದವು. ನನ್ನ ಹಿಟ್ಟು! ನನ್ನ ಕೈಯಿಂದ ಉದುರಿ, ಎಲ್ಲರ ಬೆವರಿನಲ್ಲಿ ನೆನೆದು, ಕಲಸಿಕೊಂಡು, ಹುಳಿ ಬಂದಿತ್ತು. ಪಕ್ಕದ ಯಂತ್ರದಲ್ಲಿದ್ದ ಹೆಂಗಸು "ಛೀ, ಛೀ" ಎಂದು ಮುಖ ತಿರುವಿದಳು. ನಾನು ಇಷ್ಟು ದಿನ ಹೇಗೆ ಮುಖ ತಿರುವುತ್ತಿದ್ದೆನೋ ಹಾಗೆಯೇ. ನಾಚಿಕೆಯಿಂದ ಮೈಯೆಲ್ಲ ಸುಟ್ಟಿತು.

ಸರಿದಾಡುವ ಯಂತ್ರ ಅದೊಂದೇ. ಅದು ನಿಂತರೆ ನನ್ನ ಬೆನ್ನು ನಿಂತಂತೆ, ಬೆನ್ನು ನಿಂತರೆ ರೊಟ್ಟಿ ನಿಂತಂತೆ. ಸ್ವಪ್ನಳಿಂದ ಚಿಂದಿ ಬಟ್ಟೆ ಇಸಿದುಕೊಂಡು ನಾನೇ ನೆಲಕ್ಕೆ ಕೂತೆ. ಗಾಲಿಯ ಸಂದಿಯಿಂದ ಆ ಕಣಕವನ್ನು ಉಗುರಿನಿಂದ ಕೆರೆದೆ. ಸ್ವಪ್ನಳೂ ಪಕ್ಕದಲ್ಲಿ ಕೂತು ಕೆರೆದಳು. ಬಯ್ಯಲೂ ಇಲ್ಲ, ನಗಲೂ ಇಲ್ಲ. ಹಲಗೆ ಮತ್ತೆ ಸರಿಯಿತು. "ಏಂ ಗಾದಕ್ಕಾ" ಎಂದಳು, ಮೊದಲ ಬಾರಿಗೆ ಆ ಮಾತು ನನಗೆ ಹಿತವಾಗಿ ಕೇಳಿತು.

ಅದಾದ ಮೇಲೆ ಅಣ್ಣನ ಬಸುರಿ ಮಗಳ ಕುಬಸಕ್ಕೆಂದು ಬಾಗಲಕೋಟೆಗೆ ಹೋದೆ. ಅಡಿಗೆ ಮನೆಯಲ್ಲಿ ಎಲ್ಲರಿಗೂ ಈ ಕಥೆ ಹೇಳಿ ನಗಿಸಿದೆ. ನಗುತ್ತಲೇ ಸೆರಗು ಸಿಕ್ಕಿಸಿ, ರೊಟ್ಟಿ ಬಡಿಯಲು ಪರಾತು ಎಳೆದುಕೊಂಡೆ. ವೈನಿ, ನನ್ನ ಅಣ್ಣನ ಹೆಂಡತಿ, ಅದನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡರು.

"ಬ್ಯಾಡ ಬಿಡವಾ ಶಾಂತಾ. ನೀ ಹಿಟ್ಟಿಗೆ ಕೈ ಹಚ್ಚಬ್ಯಾಡ. ಯಾರ್ ಯಾರ ಬೆವರು ಮುಟ್ಟಿದ ಕೈ ಅವೋ ಏನೋ."

"ಕೈ ತೊಳಕೊಂಡೀನಿ ವೈನಿ."

"ತೊಳದಿರ್ತಿ ಬಿಡು. ಆದ್ರೂ ಭಾಳ ಹೇಸಿಕಿ ಬರ್ತೈತಿ ನೋಡವಾ."

ನಾನು ಗೋಡೆಗೆ ಒರಗಿ ಕೂತೆ. ಯಾವ ನೆಲದ ಮೇಲೆ ಕೂತು ರೊಟ್ಟಿ ಕಲಿತೆನೋ ಅದೇ ನೆಲ. ವೈನಿಯ ಮೇಲೆ ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಪರಾತು ಸರಿಸುತ್ತಿದ್ದೆ. ಅದು ಗೊತ್ತಿದ್ದದ್ದಕ್ಕೇ ನನಗೆ ಹೇಸಿಗೆಯಾಯಿತು, ಆ ಸ್ವಚ್ಛ ಅಡಿಗೆ ಮನೆಯ ಮೇಲೆ, ಅಲ್ಲಿಂದ ಬಂದ ನನ್ನ ಮೇಲೆ.

ಉಪ್ಪಲ್‌ಗೆ ಮರಳಿದ ಮರುದಿನ ಜಿಮ್‌ಗೆ ಹೋದೆ. ಕೆಳಗೆ ಕೋಳಿಯ ನಾತ, ಮೇಲೆ ಮಲ್ಲಿಗೆ ಸ್ಪ್ರೇ. "ಒಚ್ಚಿನವಾ ಅಕ್ಕಾ?" ಎಂದಳು ಸ್ವಪ್ನ, ಬಂದೆಯಾ ಅಂತ. ಬಂದೆ ಎಂದೆ. ಹಿಡಿ ಹಸಿಯಾಗಿತ್ತು, ಬೆಚ್ಚಗಿತ್ತು. ಛೀ ಎಂದೆ, ಜೋರಾಗಿಯೇ. ಸೆರಗಿನ ತುದಿಯಿಂದ ಒರೆಸಿದೆ. ಒರೆಸಿದ ಮೇಲೂ ಸ್ವಲ್ಪ ಹಸಿ ಉಳಿದಿತ್ತು. ಅದನ್ನು ಹಿಡಿದುಕೊಂಡೇ ಎಳೆದೆ.